ಮನೆಯ ವೈರಿಂಗ್ ತಪಾಸಣೆ: ಯಾವ ದೋಷ ಈ ಗಳಿಗೆಗೆ, ಯಾವುದು ಈ ವಾರಕ್ಕೆ, ಯಾವುದು ಆಮೇಲೆ

ವೈರಿಂಗ್ ತಪಾಸಣೆ ಮಾಡಿಸಿದ ಮನೆಯವರ ಕೈಗೆ ಕೊನೆಗೆ ಒಂದು ಉದ್ದ ಪಟ್ಟಿ ಬರುತ್ತದೆ. ಅಡುಗೆಮನೆಯ ಸ್ವಿಚ್ ಸಡಿಲ, ಪಡಸಾಲೆಯ ಬೋರ್ಡಿನ ಮುಚ್ಚಳ ಒಡೆದಿದೆ, ಅರ್ಥಿಂಗ್ ಇಲ್ಲ, ಗೀಸರ್‌ಗೆ ತೆಳು ವೈರ್, ಮೇನ್ ಬೋರ್ಡಿನಲ್ಲಿ ಹಳೆ ಕಿಟ್‌ಕ್ಯಾಟ್ (ತಂತಿ ಕಟ್ಟುವ ಪಿಂಗಾಣಿ) ಫ್ಯೂಸ್, ಹೀಗೆ ಎಲ್ಲವೂ ಒಂದೇ ತೂಕದಲ್ಲಿ ಬರೆದಿರುತ್ತವೆ. ಎಲ್ಲಕ್ಕೂ ಒಂದೇ ಸಲ ದುಡ್ಡು ಹೊಂದುವುದಿಲ್ಲ. ಆಗ ಕಣ್ಣಿಗೆ ಕಾಣುವ ಒಡೆದ ಮುಚ್ಚಳ ಮೊದಲು ಬದಲಾಗುತ್ತದೆ. ಮಣ್ಣಿನೊಳಗಿರುವ ಅರ್ಥಿಂಗ್ 'ಹಬ್ಬ ಆಗಲಿ, ನೋಡೋಣ' ಎಂದು ಮುಂದಕ್ಕೆ ಹೋಗುತ್ತದೆ.

ರಾಯಚೂರು, ಸಿಂಧನೂರು, ಗಂಗಾವತಿ, ಬಳ್ಳಾರಿ ಸುತ್ತ ಮನೆಗಳ ವೈರಿಂಗ್ ನೋಡುತ್ತ ಬಂದವನು ನಾನು. ನಮ್ಮ ಕಡೆ ನನಗೆ ಹೆಚ್ಚು ಭಯ ಹುಟ್ಟಿಸುವುದು ಕೆಟ್ಟು ನಿಂತ ಸ್ವಿಚ್ಚಿಗಿಂತ ಚೆನ್ನಾಗಿ ಓಡುತ್ತಿರುವ ಕೂಲರ್, ಚೆನ್ನಾಗಿ ನೀರೆತ್ತುತ್ತಿರುವ ಮೋಟರ್. ಕೆಲಸ ಮಾಡುತ್ತಿದೆ ಎಂಬ ಕಾರಣಕ್ಕೇ ಅವುಗಳ ದೋಷ ಯಾರ ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದ ದೋಷ ಹುಡುಕುವುದರಷ್ಟೇ ಮುಖ್ಯವಾದ ಕೆಲಸ ಅದನ್ನು ಅಪಾಯದ ಕ್ರಮದಲ್ಲಿ ಜೋಡಿಸುವುದು. ಮನೆಯ ಯಜಮಾನರಿಗೂ, ಹೊಸದಾಗಿ ಪರ್ಮಿಟ್ ತೆಗೆದುಕೊಂಡ ವೈರ್‌ಮನ್‌ಗಳಿಗೂ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಾಲ್ಕು ವರ್ಗಗಳು

ಬ್ರಿಟನ್ನಿನ ಎಲೆಕ್ಟ್ರಿಷಿಯನ್‌ಗಳು ಮನೆ ತಪಾಸಣೆಯ ವರದಿಯಲ್ಲಿ ಪ್ರತಿ ದೋಷದ ಮುಂದೆ ಒಂದು ಸಂಕೇತ ಬರೆಯುತ್ತಾರೆ. ಸಿ1 ಎಂದರೆ ಅಪಾಯ ಈಗಲೇ ಇದೆ. ಸಿ2 ಎಂದರೆ ಅಪಾಯ ಆಗಬಹುದು. ಸಿ3 ಎಂದರೆ ಸುಧಾರಿಸಿದರೆ ಒಳ್ಳೆಯದು. ಎಫ್‌ಐ ಎಂದರೆ ಇನ್ನೂ ಹುಡುಕಿ ನೋಡಬೇಕು. ಇಂಗ್ಲೆಂಡಿನಲ್ಲಿ ಬಾಡಿಗೆ ಮನೆಗಳಿಗೆ ಐದು ವರ್ಷಕ್ಕೊಮ್ಮೆಯಾದರೂ ಇಂಥ ತಪಾಸಣೆ ಮಾಡಿಸಬೇಕೆಂಬ ನಿಯಮ 2020ರಲ್ಲಿ ಬಂತು. ನಮ್ಮಲ್ಲಿ ವಾಸದ ಮನೆಗಳಿಗೆ ಈ ರೂಢಿ ಇಲ್ಲ. ಸಂಪರ್ಕ ಕೊಡುವಾಗ ನೋಡಿದರೆ ಆಯಿತು, ಆಮೇಲೆ ಕರೆಂಟ್ ಹೊಡೆಯುವವರೆಗೂ ಯಾರೂ ಬೋರ್ಡ್ ಬಿಚ್ಚುವುದಿಲ್ಲ. ಆದರೆ ಆ ವಿಂಗಡಣೆಯನ್ನು ನಾವು ಬಳಸಿಕೊಳ್ಳಲು ಅಡ್ಡಿಯೇನೂ ಇಲ್ಲ. ನಾನು ಹೀಗೆ ಕೇಳಿಕೊಳ್ಳುತ್ತೇನೆ:

ಇನ್ನೇನೂ ಕೆಡದೆಯೇ, ಈಗಿರುವ ಸ್ಥಿತಿಯಲ್ಲೇ, ಒಂದು ಕೈ ಕರೆಂಟಿಗೆ ತಾಗಬಹುದೇ ಅಥವಾ ಬೆಂಕಿ ಹತ್ತಬಹುದೇ? ಹೌದಾದರೆ ಒಂದನೇ ವರ್ಗ. ಆ ಸರ್ಕ್ಯೂಟ್ ಅಲ್ಲೇ ಬಂದ್ ಆಗಬೇಕು. ಮನೆಯವರನ್ನು ಒಪ್ಪಿಸಿದ ಮೇಲೆ ನೋಡೋಣ ಎನ್ನುವ ಮಾತಿಲ್ಲ.

ಈಗ ಸುರಕ್ಷಿತ, ಆದರೆ ಇನ್ನೊಂದೇ ಒಂದು ಕೆಟ್ಟರೆ, ಅಂದರೆ ಒಂದು ತಂತಿ ಸಡಿಲವಾದರೆ, ಒಂದು ಮಳೆ ಬಿದ್ದರೆ, ಜೀವಕ್ಕೆ ಅಪಾಯವೇ? ಅದು ಎರಡನೇ ವರ್ಗ. ಒಂದು ವಾರದೊಳಗೆ ಕೆಲಸ ಶುರುವಾಗಬೇಕು.

ಅಪಾಯ ದೂರದ್ದು, ಆದರೆ ಈಗಿನ ಮಾನದಂಡಕ್ಕೆ ಹೊಂದುವುದಿಲ್ಲವೇ? ಮೂರನೇ ವರ್ಗ. ಸುಣ್ಣ ಬಣ್ಣ ಹೊಡೆಸುವಾಗ, ಮನೆ ದುರಸ್ತಿ ಮಾಡುವಾಗ ಮಾಡಿಸಬಹುದು.

ಕಾರಣವೇ ಗೊತ್ತಾಗಲಿಲ್ಲವೇ? ನಾಲ್ಕನೆಯದು, ಹುಡುಕಬೇಕಾದದ್ದು. ಗೊತ್ತಾಗುವವರೆಗೂ ಅದನ್ನು ಎರಡನೇ ವರ್ಗದ ಮರ್ಯಾದೆಯಿಂದಲೇ ನೋಡಬೇಕು.

ಇದಕ್ಕೆ ನನ್ನದೊಂದು ಸೇರಿಕೆ ಇದೆ. ಎರಡನೇ ವರ್ಗದ ಎರಡು ದೋಷಗಳು ಒಂದೇ ಜಾಗದಲ್ಲಿ ಸೇರಿದರೆ ಅದನ್ನು ಒಂದನೆಯದಕ್ಕೆ ಏರಿಸುತ್ತೇನೆ. ತಗಡಿನ ಮೈಯ ಕೂಲರ್‌ಗೆ ಎರಡು ಪಿನ್ನಿನ ಪ್ಲಗ್ ಒಂದು ದೋಷ. ಆ ಮನೆಯಲ್ಲಿ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್, ಇಲ್ಲದಿರುವುದು ಇನ್ನೊಂದು. ಬೇರೆ ಬೇರೆ ಬರೆದರೆ ಎರಡೂ 'ಈ ವಾರ'ದ ಸಾಲಿಗೆ ಹೋಗುತ್ತವೆ. ಆದರೆ ಆ ಕೂಲರಿನ ಮುಂದೆ ನೀರು ಚೆಲ್ಲಿದ ಶಹಾಬಾದ್ ಕಲ್ಲಿನ ನೆಲ ಇದೆ, ಅದರ ಮೇಲೆ ಮಕ್ಕಳು ಬರಿಗಾಲಲ್ಲಿ ಓಡಾಡುತ್ತಿದ್ದಾರೆ. ಅಲ್ಲಿ ವಾರ ಕಾಯಲು ನನಗೆ ಮನಸ್ಸಾಗುವುದಿಲ್ಲ.

ಮುಟ್ಟುವ ಮೊದಲು

ಮನೆಯವರು ನೋಡಬಹುದು, ಮೂಸಬಹುದು, ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಬಹುದು, ಪ್ಲಗ್ ಕಿತ್ತು ಪರೀಕ್ಷಿಸಬಹುದು. ಬೋರ್ಡಿನ ಸ್ಕ್ರೂ ಬಿಚ್ಚುವ ಕೆಲಸ ಪರ್ಮಿಟ್ ಇರುವ ವೈರ್‌ಮನ್‌ದು. ಈ ಪರ್ಮಿಟ್ ಮತ್ತು ಗುತ್ತಿಗೆದಾರರ ಲೈಸೆನ್ಸ್ ಕೊಡುವುದು ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯ. ಕೆಲಸಕ್ಕೆ ಕರೆಯುವಾಗ ಅದನ್ನು ಕೇಳಿ ನೋಡಿದರೆ ಯಾರೂ ತಪ್ಪು ತಿಳಿಯಬಾರದು.

ಮೇನ್ ಆಫ್ ಮಾಡಿದರೆ ಸಾಲದು. ಇನ್ವರ್ಟರ್ ಇರುವ ಮನೆಯಲ್ಲಿ ಮೇನ್ ಆಫ್ ಆದ ತಕ್ಷಣ ಇನ್ವರ್ಟರ್ ಲೈನ್ ಜೀವಂತವಾಗುತ್ತದೆ. ಬೋರ್ಡಿನೊಳಗೆ ಅರ್ಧ ತಂತಿ ಸತ್ತಿರುತ್ತವೆ, ಅರ್ಧ 230 ವೋಲ್ಟ್ ಹೊತ್ತು ಕೂತಿರುತ್ತವೆ. ಮೊದಲು ಮೇನ್ ಆಫ್, ಆಮೇಲೆ ಇನ್ವರ್ಟರ್ ಆಫ್ ಮಾಡಿ ಅದರ ಔಟ್‌ಪುಟ್ ಪ್ಲಗ್ ಕೀಳಬೇಕು. ಮಾಳಿಗೆ ಮೇಲೆ ಸೋಲಾರ್ ಇದ್ದರೆ ಅದರ ಲೈನ್ ಬೇರ್ಪಡಿಸುವ ಸ್ವಿಚ್ (ಐಸೊಲೇಟರ್) ಕೂಡ ಆಫ್ ಆಗಬೇಕು. ಮೇನ್ ಸ್ವಿಚ್ಚಿಗೆ ಬೀಗವೋ ಚೀಟಿಯೋ ಇರಲಿ, ಯಾಕೆಂದರೆ 'ಫ್ಯಾನ್ ಯಾಕೆ ನಿಂತಿತು' ಎಂದು ಒಳಗಿನಿಂದ ಬಂದವರು ಅದನ್ನು ಮೇಲೆತ್ತಿಬಿಡುತ್ತಾರೆ. ಕೊನೆಯದಾಗಿ, ಟೆಸ್ಟರ್ ಅನ್ನು ಕರೆಂಟ್ ಇರುವ ಕಡೆ ಹಚ್ಚಿ ಅದು ಉರಿಯುವುದನ್ನು ನೋಡಿ, ಕೆಲಸದ ಜಾಗದಲ್ಲಿ ಹಚ್ಚಿ, ಮತ್ತೆ ಕರೆಂಟ್ ಇರುವ ಕಡೆ ಹಚ್ಚಿ ನೋಡಿ. ಕೆಟ್ಟ ಟೆಸ್ಟರ್ ಕೂಡ 'ಕರೆಂಟ್ ಇಲ್ಲ' ಎಂದೇ ತೋರಿಸುತ್ತದೆ.

ಯಾರಿಗಾದರೂ ಶಾಕ್ ಹೊಡೆದು ಹಿಡಿದುಕೊಂಡರೆ ಅವರನ್ನು ಮುಟ್ಟದೆ ಮೊದಲು ಮೇನ್ ಆಫ್ ಮಾಡಿ. ಉಸಿರಾಟ ನಿಂತಿದ್ದರೆ ಎದೆ ಒತ್ತುವುದನ್ನು ಶುರುಮಾಡಿ, 108ಕ್ಕೆ ಫೋನ್ ಮಾಡಿಸಿ.

ಹಂತ ಒಂದು: ಕಂಬದಿಂದ ಕೊನೆಯ ಪ್ಲಗ್ ತನಕ ನಡೆದು ನೋಡುವುದು

ಕರೆಂಟ್ ಬರುವ ದಾರಿಯಲ್ಲೇ ನಡೆಯಿರಿ. ಆಗ ಯಾವ ಜಾಗವೂ ಬಿಟ್ಟುಹೋಗುವುದಿಲ್ಲ.

ಸರ್ವಿಸ್ ವೈರ್ ಮನೆಗೆ ಬರುವ ಕಡೆ ತಲೆ ಎತ್ತಿ ನೋಡಿ. ಅದು ತಗಡಿನ ಶೆಡ್ಡಿನ ಅಂಚಿಗೆ ಉಜ್ಜುತ್ತಿದೆಯೇ? ಅದರ ಆಧಾರದ ಜಿಐ (ಸತು ಲೇಪದ ಕಬ್ಬಿಣದ) ತಂತಿಗೆ, ಅಥವಾ ಅದು ನಿಂತ ಕಬ್ಬಿಣದ ಪೈಪಿಗೆ, ಬಟ್ಟೆ ಒಣಗಿಸುವ ತಂತಿ ಕಟ್ಟಿದ್ದಾರೆಯೇ? ಹಳ್ಳಿಗಳಲ್ಲಿ ಇದು ಬಹಳ ಕಾಣುತ್ತದೆ. ಬಿಸಿಲಿಗೆ ಸರ್ವಿಸ್ ವೈರಿನ ಮೇಲಿನ ಹೊದಿಕೆ ಬಿರಿದು, ಅದೇ ಪೈಪಿಗೆ ತಾಗಿದರೆ ಒದ್ದೆ ಸೀರೆ ಹರವಲು ಹೋದ ಕೈಗೆ ನೇರ ಫೇಸ್, ಅಂದರೆ ಕರೆಂಟ್ ಹೊತ್ತ ತಂತಿ, ಸಿಗುತ್ತದೆ. ಬಟ್ಟೆ ತಂತಿ ಕಟ್ಟಿದ್ದರೆ ಒಂದನೇ ವರ್ಗ. ಸರ್ವಿಸ್ ವೈರಿನ ಹೊದಿಕೆ ಸರಿಯಿದ್ದರೆ ಮಾತ್ರ ಅದನ್ನು ಬಿಚ್ಚಿ ಬೇರೆ ಕಡೆ ನೈಲಾನ್ ಹಗ್ಗ ಕಟ್ಟಿ. ಸರ್ವಿಸ್ ವೈರಿನ ಹೊದಿಕೆ ಹೋಗಿದ್ದರೆ ಅದನ್ನಾಗಲಿ, ಆ ಪೈಪನ್ನಾಗಲಿ, ಬಟ್ಟೆ ತಂತಿಯನ್ನಾಗಲಿ ಮುಟ್ಟದೆ ಕರೆಂಟ್ ಕೊಡುವ ಕಂಪನಿ ಜೆಸ್ಕಾಂಗೆ ತಿಳಿಸಿ, 1912ಕ್ಕೆ ಫೋನ್ ಮಾಡಿ. ಮೀಟರ್ ತನಕ ಅವರ ಜವಾಬ್ದಾರಿ, ಮೀಟರ್ ದಾಟಿದ ಮೇಲೆ ನಮ್ಮದು. ಮೀಟರಿನ ಸೀಲ್ ಯಾವ ಕಾರಣಕ್ಕೂ ಮುಟ್ಟಬಾರದು.

ಮೇನ್ ಬೋರ್ಡಿನ ಮುಂದೆ ನಿಂತು ಮೂಸಿ. ಸುಟ್ಟ ಪ್ಲಾಸ್ಟಿಕ್ಕಿನ ಅಥವಾ ಮೀನಿನಂಥ ವಾಸನೆ ಬಂದರೆ ಯಾವುದೋ ಜಾಯಿಂಟ್ ಕಾಯುತ್ತಿದೆ. ಕಿವಿಗೊಡಿ: ಚಿರ್ ಚಿರ್ ಸದ್ದು ಸಡಿಲ ತಂತಿಯದು. ಎರಡೂ ಒಂದನೇ ವರ್ಗ. ಹಳೆ ಮಾಳಿಗೆ ಮನೆಗಳಲ್ಲಿ ಮರದ ಬೋರ್ಡು, ಮರದ ಪಟ್ಟಿಯ ವೈರಿಂಗ್ ಇನ್ನೂ ಇದೆ. ಅದನ್ನು ಬೆರಳಿಂದ ಒತ್ತಿ ನೋಡಿ, ಗೆದ್ದಲು ತಿಂದಿದ್ದರೆ ಒಳಗೆ ಕುಸಿಯುತ್ತದೆ. ಸ್ವಿಚ್ ಬೋರ್ಡಿನೊಳಗೆ ಹಲ್ಲಿ, ಇರುವೆ ಸೇರಿ ಶಾರ್ಟ್ ಆಗುವುದು ನಮ್ಮ ಕಡೆ ಮಾಮೂಲು. ಬೋರ್ಡಿನ ತೂತುಗಳನ್ನು ಮುಚ್ಚುವುದು ಅಗ್ಗದ ಕೆಲಸ, ಆದರೆ ಮರೆಯಬಾರದು.

ಆಮೇಲೆ ಕೋಣೆ ಕೋಣೆ. ಪ್ಲಗ್ಗಿನ ಸುತ್ತ ಕಂದು ಕಲೆ ಇದೆಯೇ? ಪಿನ್ ಬದಲು ಬರೀ ವೈರ್ ತುದಿಗೆ ಬೆಂಕಿಕಡ್ಡಿ ಸಿಕ್ಕಿಸಿ ಸಾಕೆಟ್ಟಿಗೆ ಚುಚ್ಚಿದ್ದಾರೆಯೇ? ಅದು ಒಂದನೇ ವರ್ಗ, ವಾದವಿಲ್ಲ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಮನೆಗಳಲ್ಲಿ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಮೂರು ಮೆಷಿನ್ ಮೋಟರು, ಜೊತೆಗೆ ಇಸ್ತ್ರಿ ಪೆಟ್ಟಿಗೆ ಹಾಕಿರುತ್ತಾರೆ. ಸುತ್ತ ಬಟ್ಟೆಯ ಚೂರು ಬಿದ್ದಿರುತ್ತದೆ. ಆ ಎಕ್ಸ್‌ಟೆನ್ಷನ್ ವೈರನ್ನು ಅರ್ಧ ಗಂಟೆ ಕೆಲಸ ನಡೆದ ಮೇಲೆ ಹೊರಹೊದಿಕೆಯ ಮೇಲೆ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಎರಡು, ಕೈ ಇಡಲಾಗದಷ್ಟು ಬಿಸಿ ಇದ್ದರೆ ಒಂದು.

ಎಲ್‌ಇಡಿ ಬಲ್ಬ್ ಆಫ್ ಮಾಡಿದ ಮೇಲೂ ಮಿಣುಕುತ್ತಿದ್ದರೆ ಬರೆದುಕೊಳ್ಳಿ. ಸ್ವಿಚ್ಚಿನಲ್ಲಿ ಇಂಡಿಕೇಟರ್ ದೀಪ ಇದ್ದರೆ ಅದೇ ಕಾರಣವಿರಬಹುದು, ಆಗ ಚಿಂತೆಯಿಲ್ಲ. ಇಲ್ಲದಿದ್ದರೆ ಸ್ವಿಚ್ ಅನ್ನು ಫೇಸ್ ಬದಲು, ಕರೆಂಟ್ ಮರಳುವ ತಂತಿಯಾದ ನ್ಯೂಟ್ರಲ್‌ನಲ್ಲಿ ಹಾಕಿರುವ ಅನುಮಾನ. ದೀಪ ಆರುತ್ತದೆ, ಹೋಲ್ಡರ್ ಮಾತ್ರ ಜೀವಂತವಾಗಿಯೇ ಇರುತ್ತದೆ. ಬಲ್ಬ್ ಬದಲಾಯಿಸಲು ಹೋದವರಿಗೆ ಹೊಡೆಯುವುದು ಹೀಗೆ. ಎರಡನೇ ವರ್ಗ.

ಹಂತ ಎರಡು: ಅಳೆಯುವುದು

ಮಲ್ಟಿಮೀಟರಿನಿಂದ ಪ್ರತಿ ಮೂರು ಪಿನ್ನಿನ ಸಾಕೆಟ್ಟಿನಲ್ಲಿ ಮೂರು ಅಳತೆ ತೆಗೆಯಿರಿ: ಫೇಸ್–ನ್ಯೂಟ್ರಲ್, ಫೇಸ್–ಅರ್ಥ್, ನ್ಯೂಟ್ರಲ್–ಅರ್ಥ್. ಮೊದಲ ಎರಡು ಹತ್ತಿರ ಹತ್ತಿರ ಇರಬೇಕು, ಮೂರನೆಯದು ಒಂದೆರಡು ವೋಲ್ಟಿನಲ್ಲಿರಬೇಕು. ಫೇಸ್–ಅರ್ಥ್ ಅಳತೆ ತೇಲಾಡುತ್ತಿದ್ದರೆ ಆ ಅರ್ಥ್ ಪಿನ್ನಿಗೆ ತಂತಿಯೇ ಇಲ್ಲ. ಹಾಗೇ ಆ ಸಾಕೆಟ್ಟಿಗೆ ಇಸ್ತ್ರಿ ಪೆಟ್ಟಿಗೆ ಹಾಕಿ ಮತ್ತೆ ಅಳೆಯಿರಿ. ವೋಲ್ಟೇಜ್ ಹತ್ತಕ್ಕಿಂತ ಹೆಚ್ಚು ಇಳಿದರೆ ಎಲ್ಲೋ ಸಡಿಲ ಜಾಯಿಂಟ್ ಇದೆ ಅಥವಾ ವೈರ್ ತೆಳುವಾಗಿದೆ.

ನ್ಯೂಟ್ರಲ್–ಅರ್ಥ್ ನಡುವೆ ಪೂರ್ತಿ ಸೊನ್ನೆ ಬಂದು, ಭಾರ ಹಾಕಿದರೂ ಸೊನ್ನೆಯಲ್ಲೇ ನಿಂತರೆ ನನಗೆ ಖುಷಿಯಾಗುವುದಿಲ್ಲ, ಅನುಮಾನ ಬರುತ್ತದೆ. ಅರ್ಥಿಂಗ್ ಗುಂಡಿ ತೋಡುವ ಖರ್ಚು ಉಳಿಸಲು ಸಾಕೆಟ್ಟಿನೊಳಗೇ ಅರ್ಥ್ ಪಿನ್ನಿಗೂ ನ್ಯೂಟ್ರಲ್ಲಿಗೂ ತುಂಡು ತಂತಿ ಕೂಡಿಸಿದ ಮನೆಗಳಿವೆ. ಟೆಸ್ಟರಿಗೆ, ಬಲ್ಬಿಗೆ ಎಲ್ಲವೂ ಸರಿಯಾಗಿ ಕಾಣುತ್ತದೆ. ಒಂದು ದಿನ ನ್ಯೂಟ್ರಲ್ ಕಡಿದರೆ ಫ್ರಿಜ್, ವಾಷಿಂಗ್ ಮೆಷಿನ್, ಕೂಲರ್, ಎಲ್ಲದರ ಮೈಗೂ ಒಂದೇ ಗಳಿಗೆಯಲ್ಲಿ 230 ವೋಲ್ಟ್ ಬರುತ್ತದೆ. ನಿಯಮದ ಮಾತಿನಲ್ಲಿ ಎರಡನೆಯದು ಎನ್ನಬಹುದು. ನಾನು ಒಂದನೇ ವರ್ಗಕ್ಕೇ ಬರೆಯುತ್ತೇನೆ, ಆ ತುಂಡು ತಂತಿ ಅಂದೇ ಕತ್ತರಿಸಬೇಕು.

ನಮ್ಮ ಕಡೆ ಅರ್ಥಿಂಗ್ ಪರೀಕ್ಷೆಗೆ ನೂರು ವ್ಯಾಟ್ ಬಲ್ಬನ್ನು ಫೇಸ್‌ಗೂ ಅರ್ಥ್‌ಗೂ ಹಚ್ಚಿ, 'ನೋಡ್ರಿ, ಎಷ್ಟು ಚಲೋ ಉರೀತೈತಿ' ಎಂದು ತೋರಿಸುವ ಪದ್ಧತಿ ಇದೆ. ಈ ಪರೀಕ್ಷೆ ನಂಬಬೇಡಿ. ಲೆಕ್ಕ ಸುಲಭ. ಉರಿಯುವ ನೂರು ವ್ಯಾಟ್ ಬಲ್ಬಿನ ಪ್ರತಿರೋಧ ಸುಮಾರು 530 ಓಮ್. ಅರ್ಥಿಂಗ್ ಪ್ರತಿರೋಧ 100 ಓಮ್‌ನಷ್ಟು ಕೆಟ್ಟದಾಗಿದ್ದರೂ ಬಲ್ಬಿಗೆ ಸುಮಾರು 190 ವೋಲ್ಟ್ ಸಿಗುತ್ತದೆ, ಕಣ್ಣಿಗೆ ಚೆನ್ನಾಗಿಯೇ ಉರಿಯುತ್ತದೆ. ಅದೇ ಅರ್ಥಿಂಗ್ ಇರುವ ಮೋಟರಿನ ಮೈಗೆ ಫೇಸ್ ತಾಗಿದರೆ ಹರಿಯುವ ಕರೆಂಟ್ 230ನ್ನು 100ರಿಂದ ಭಾಗಿಸಿದಷ್ಟು, ಅಂದರೆ 2.3 ಆಂಪಿಯರ್. ಅಷ್ಟಕ್ಕೆ 16 ಆಂಪಿಯರಿನ ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದರೆ ಬೀಳುವ ಸ್ವಿಚ್, ಅಲುಗಾಡುವುದೂ ಇಲ್ಲ. ಮೋಟರ್ ಓಡುತ್ತಲೇ ಇರುತ್ತದೆ, ಅದರ ಮೈ ಜೀವಂತವಾಗಿಯೇ ಇರುತ್ತದೆ.

ಅರ್ಥಿಂಗ್ 5 ಓಮ್ ಇದ್ದರೆ? 46 ಆಂಪಿಯರ್. ಟಿಸಿ (ಬೀದಿಯ ಟ್ರಾನ್ಸ್‌ಫಾರ್ಮರ್) ಕಡೆಯ ಅರ್ಥಿಂಗ್ ಪ್ರತಿರೋಧವೂ ಸೇರುವುದರಿಂದ ನಿಜಕ್ಕೂ ಅದಕ್ಕಿಂತ ಕಡಿಮೆ. ಸಿ ಕರ್ವ್ ಎಂಬ ಮಾದರಿಯ 16 ಆಂಪಿಯರ್ ಎಂಸಿಬಿ ತಟ್ಟನೆ ಬೀಳಬೇಕಾದರೆ ಐದರಿಂದ ಹತ್ತು ಪಟ್ಟು, ಅಂದರೆ 80ರಿಂದ 160 ಆಂಪಿಯರ್ ಬೇಕು. 46ಕ್ಕೆ ಅದು ಕಾದು ಬೀಳುತ್ತದೆ, ಒಂದು ನಿಮಿಷದವರೆಗೂ ಹಿಡಿಯಬಹುದು. ಅಂದರೆ ಒಳ್ಳೆಯ ಅರ್ಥಿಂಗ್ ಇದ್ದರೂ ಎಂಸಿಬಿಯೊಂದನ್ನೇ ನಂಬಿ ಜೀವ ಉಳಿಯುವುದಿಲ್ಲ. 30 ಮಿಲಿಆಂಪಿಯರ್ ಆರ್‌ಸಿಸಿಬಿ ಹಾಕಿದರೆ ಅರ್ಥಿಂಗ್ 100 ಓಮ್ ಇದ್ದರೂ ಫೇಸ್ ಮೈಗೆ ತಾಗಿದ ಕ್ಷಣದಲ್ಲೇ ಬೀಳುತ್ತದೆ. ಹಾಗಂತ ಆರ್‌ಸಿಸಿಬಿ ಇದೆ, ಅರ್ಥಿಂಗ್ ಬೇಡ ಎನ್ನಬಾರದು. ಅರ್ಥಿಂಗ್ ಇದ್ದರೆ ಯಂತ್ರ ಕೆಟ್ಟಾಗಲೇ ಅದು ಬೀಳುತ್ತದೆ. ಇಲ್ಲದಿದ್ದರೆ ಮನುಷ್ಯ ಮುಟ್ಟಿ, ಅವನ ಮೈಯಿಂದ ಕರೆಂಟ್ ಹರಿದ ಮೇಲೆ ಬೀಳುತ್ತದೆ. ಪಟ್ಟಿಯಲ್ಲಿ ಏನೇ ಇರಲಿ, ಮೊದಲ ದುಡ್ಡು ಈ ಎರಡಕ್ಕೆ ಹೋಗಬೇಕು ಎಂದು ನಾನು ಹಟ ಹಿಡಿಯುವುದು ಈ ಲೆಕ್ಕದಿಂದ. ಅರ್ಥಿಂಗ್ ಅಳೆಯಲು ಅರ್ಥ್ ಟೆಸ್ಟರ್ ಇರುವ ಗುತ್ತಿಗೆದಾರರನ್ನೇ ಕರೆಸಿ, ಓಮ್‌ನ ಅಂಕಿಯನ್ನು ಬರೆಸಿಕೊಳ್ಳಿ.

ಇನ್ಸುಲೇಷನ್ ಪರೀಕ್ಷೆ, ಅಂದರೆ ವೈರಿನ ಹೊದಿಕೆಯಿಂದ ಕರೆಂಟ್ ಸೋರುತ್ತಿದೆಯೇ ಎಂದು ನೋಡುವುದು, ಮೆಗ್ಗರ್ ಎಂಬ ಮೀಟರಿನಿಂದ. ಮೇನ್ ಆಫ್, ಎಲ್ಲ ಪ್ಲಗ್ ಹೊರಗೆ, ಎಲ್‌ಇಡಿ ಬಲ್ಬುಗಳು, ಎಲೆಕ್ಟ್ರಾನಿಕ್ ರೆಗ್ಯುಲೇಟರುಗಳು, ಆರ್‌ಸಿಸಿಬಿ ಬೇರ್ಪಡಿಸಿ 500 ವೋಲ್ಟ್ ಡಿಸಿ ಹಾಕಿ ನೋಡಬೇಕು. ಫೇಸ್–ಅರ್ಥ್, ನ್ಯೂಟ್ರಲ್–ಅರ್ಥ್, ಫೇಸ್–ನ್ಯೂಟ್ರಲ್ ಮೂರರಲ್ಲೂ 1 ಮೆಗಾಓಮ್‌ಗಿಂತ ಕಡಿಮೆ ಬರಬಾರದು. ಹೊಸ ವೈರಿಂಗ್‌ನಲ್ಲಿ ಇದು ಬಹಳ ಮೇಲಿರುತ್ತದೆ. ಒಂದರ ಹತ್ತಿರ ಬಂದಿದ್ದರೆ ಸರ್ಕ್ಯೂಟ್‌ಗಳನ್ನು ಒಂದೊಂದಾಗಿ ಬಿಡಿಸಿ ಯಾವುದು ಎಂದು ಹುಡುಕಿ. ಮಳೆಗಾಲದಲ್ಲಿ ಸೋರುವ ಗೋಡೆಯೊಳಗಿನ ಪೈಪು ಸಾಮಾನ್ಯವಾಗಿ ಸಿಕ್ಕಿಬೀಳುತ್ತದೆ.

'ಝುಮ್' ಎನ್ನುವುದನ್ನು ಯಾವ ವರ್ಗಕ್ಕೆ ಹಾಕುವುದು?

ಫ್ರಿಜ್ ಮುಟ್ಟಿದರೆ ಝುಮ್ ಅನ್ನುತ್ತದೆ, ಟಿವಿಯ ಹಿಂದೆ ಝುಮ್ ಅನ್ನುತ್ತದೆ ಎಂಬ ದೂರು ಎಲ್ಲ ಮನೆಗಳಲ್ಲೂ ಇದೆ. ಎಲೆಕ್ಟ್ರಾನಿಕ್ ಸಾಮಾನುಗಳ ಒಳಗೆ ಫಿಲ್ಟರ್ ಕೆಪಾಸಿಟರ್‌ಗಳಿರುತ್ತವೆ. ಅರ್ಥಿಂಗ್ ಇಲ್ಲದಿದ್ದರೆ ಅವುಗಳ ಮೂಲಕ ಅತಿ ಸಣ್ಣ ಕರೆಂಟ್ ಮೈಗೆ ಬರುತ್ತದೆ, ಟೆಸ್ಟರ್ ಉರಿಯುತ್ತದೆ, ಆದರೆ ಜೀವ ಹೋಗುವಷ್ಟಿರುವುದಿಲ್ಲ. ಇನ್ನೊಂದು ಝುಮ್ ಇದೆ: ಗೀಸರಿನ ಕಾಯಿಲ್ ಒಡೆದು, ಪಂಪಿನ ವೈಂಡಿಂಗ್ ಸುಟ್ಟು ಬರುವ ನಿಜವಾದ ಸೋರಿಕೆ. ಒಣಗಿದ ಕೈಗೆ, ಚಪ್ಪಲಿ ಹಾಕಿದ ಕಾಲಿಗೆ ಎರಡೂ ಒಂದೇ ಥರ ಅನ್ನಿಸುತ್ತವೆ. ಕೈ ಒದ್ದೆಯಾದ ದಿನ ವ್ಯತ್ಯಾಸ ಗೊತ್ತಾಗುತ್ತದೆ, ಆಗ ತಡವಾಗಿರುತ್ತದೆ. ಅದಕ್ಕೇ ನೀರಿನ ಹತ್ತಿರದ ಝುಮ್ ಅಂದರೆ ನಲ್ಲಿ, ಗೀಸರ್, ಕೂಲರ್, ವಾಷಿಂಗ್ ಮೆಷಿನ್, ಮೋಟರ್ ಎಲ್ಲವೂ ಮೆಗ್ಗರ್ ಹಾಕಿ ನೋಡುವವರೆಗೂ ಒಂದನೇ ವರ್ಗ. ಪ್ಲಗ್ ಕಿತ್ತು ಇಡಿ. ಒಣ ಜಾಗದ ಝುಮ್ ನಾಲ್ಕನೆಯದು, ಹುಡುಕಬೇಕಾದದ್ದು.

ಬೀದಿಯಲ್ಲಿ ಒಂದು ಮನೆಗೆ ಬಲ್ಬ್ ಕಣ್ಣು ಕುಕ್ಕುವಂತೆ ಉರಿದು ಫ್ಯಾನ್ ಭರ್ ಎಂದು ತಿರುಗುತ್ತ, ಪಕ್ಕದ ಮನೆಯಲ್ಲಿ ಮಂಕಾಗಿದ್ದರೆ ನ್ಯೂಟ್ರಲ್ ಕಡಿದಿರುವ ಲಕ್ಷಣ. ಒಂದು ಫೇಸಿನವರಿಗೆ ವೋಲ್ಟೇಜ್ 400ರ ಕಡೆಗೆ ಏರಬಹುದು. ಸ್ಟೆಬಿಲೈಜರ್ ಕಾಪಾಡುತ್ತದೆ ಎಂದು ಕೂರದೆ ಮೇನ್ ಆಫ್ ಮಾಡಿ, ಅಕ್ಕಪಕ್ಕದವರಿಗೂ ಹೇಳಿ, 1912ಕ್ಕೆ ತಿಳಿಸಿ.

ಹಂತ ಮೂರು: ಸರಿಪಡಿಸುವುದು

ಕೂಲರ್: ತಗಡಿನ ಮೈಯದಾದರೆ ಮೂರು ತಂತಿಯ ವೈರ್, ಮೂರು ಪಿನ್ನಿನ ಪ್ಲಗ್ ಹಾಕಿ, ಹಸಿರು ತಂತಿಯನ್ನು ಬಣ್ಣ ಕೆರೆದು ಬರಿ ತಗಡಿಗೆ ಬೋಲ್ಟ್ ಮಾಡಿ. ಬಣ್ಣದ ಮೇಲೆ ಬಿಗಿದರೆ ಅರ್ಥಿಂಗ್ ಆಗುವುದಿಲ್ಲ. ಪಂಪಿನ ವೈರಿಗೆ ನೀರಿನೊಳಗೆ ಜಾಯಿಂಟ್ ಇರಬಾರದು, ಟೇಪ್ ಸುತ್ತಿದ್ದರೂ ಕೂಡದು. ಸೀಸನ್ ಶುರುವಾಗುವ ಮೊದಲು ಪಂಪನ್ನು ನೀರಿನಲ್ಲಿಟ್ಟೇ ಮೆಗ್ಗರ್ ಹಾಕಿಸಿ, ಯಾಕೆಂದರೆ ಒಣಗಿದ ಪಂಪ್ ಪಾಸಾಗಿಬಿಡುತ್ತದೆ. ನೀರು ತುಂಬುವಾಗ ಪ್ಲಗ್ ಹೊರಗಿರಲಿ. ಸ್ವಿಚ್ ಆಫ್ ಮಾಡಿದರೆ ಸಾಕು ಎನ್ನಬೇಡಿ, ಫೇಸ್–ನ್ಯೂಟ್ರಲ್ ಅದಲು ಬದಲಾದ ಸಾಕೆಟ್ಟಿನಲ್ಲಿ ಸ್ವಿಚ್ ಆಫ್ ಇದ್ದರೂ ಕೂಲರಿನೊಳಗೆ ಫೇಸ್ ಇರುತ್ತದೆ.

ಫ್ಯೂಸ್: ಹಳೆ ಬೋರ್ಡುಗಳಲ್ಲಿ ಫೇಸ್‌ಗೊಂದು, ನ್ಯೂಟ್ರಲ್‌ಗೊಂದು ಕಿಟ್‌ಕ್ಯಾಟ್ ಇರುತ್ತದೆ. ನ್ಯೂಟ್ರಲ್‌ನ ಫ್ಯೂಸ್ ಮೊದಲು ಹೋದರೆ ದೀಪ ಆರುತ್ತದೆ, ಮನೆಯ ವೈರಿಂಗ್ ಎಲ್ಲ ಫೇಸ್ ಹೊತ್ತುಕೊಂಡೇ ಇರುತ್ತದೆ. ಅದರ ಮೇಲೆ ಫ್ಯೂಸ್ ತಂತಿ ಸಿಗದೆ ವೈರಿನ ನಾಲ್ಕೈದು ಎಳೆ ಹೊಸೆದು ಹಾಕಿರುತ್ತಾರೆ. ಹೊಸೆದ ಎಳೆ ಕಂಡರೆ ಒಂದನೇ ವರ್ಗ, ಎಳೆ ಹೊಸೆಯದೆ ನ್ಯೂಟ್ರಲ್‌ನಲ್ಲೂ ಫ್ಯೂಸ್ ಇರುವುದಷ್ಟೇ ದೋಷವಾದರೆ ಎರಡನೆಯದು. ಎರಡಕ್ಕೂ ಉಪಾಯ ಒಂದೇ: ಡಬಲ್ ಪೋಲ್ (ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ) ಮೇನ್, 30 ಮಿಲಿಆಂಪಿಯರ್ ಆರ್‌ಸಿಸಿಬಿ, ಸರ್ಕ್ಯೂಟ್‌ಗೊಂದು ಎಂಸಿಬಿ ಇರುವ ಡಿಬಿ (ಕರೆಂಟ್ ಹಂಚುವ) ಪೆಟ್ಟಿಗೆ. ಆರ್‌ಸಿಸಿಬಿಯ ಆಂಪಿಯರ್ ಅದರ ಮೇಲಿನ ಮೇನ್ ಎಂಸಿಬಿಗಿಂತ ಕಡಿಮೆ ಇರಬಾರದು. ಇನ್ವರ್ಟರ್ ಎಸಿ, ವಾಷಿಂಗ್ ಮೆಷಿನ್ ಇರುವ ಮನೆಗೆ ಎ ಟೈಪ್ ಆರ್‌ಸಿಸಿಬಿ ಕೇಳಿ ತನ್ನಿ. ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದವರಿಗೆ ಆರ್‌ಸಿಸಿಬಿಯಿಂದ ರಕ್ಷಣೆ ಇಲ್ಲ ಎಂಬುದನ್ನೂ ಮನೆಯವರಿಗೆ ತಿಳಿಸಿ ಹೇಳಬೇಕು.

ಎಂಸಿಬಿ ಪದೇ ಪದೇ ಬೀಳುತ್ತದೆ ಎಂದು ದೊಡ್ಡದು ಹಾಕುವುದು ನಾನು ಕಂಡ ಕೆಟ್ಟ ರಿಪೇರಿಗಳಲ್ಲಿ ಮೊದಲನೆಯದು. ಎಂಸಿಬಿ ಕಾಪಾಡುವುದು ವೈರನ್ನು. ಲೈಟು ಫ್ಯಾನಿನ 1.5 ಚದರ ಮಿಲಿಮೀಟರ್ ವೈರಿಗೆ 6 ಅಥವಾ 10 ಆಂಪಿಯರ್, 2.5ರ ಪವರ್ ಪಾಯಿಂಟಿಗೆ 16, ಗೀಸರ್ ಮತ್ತು ಎಸಿಯ 4ರ ವೈರಿಗೆ 20. 2.5ರ ವೈರಿಗೆ 32 ಹಾಕಿದರೆ ಗೋಡೆಯೊಳಗಿನ ವೈರೇ ಫ್ಯೂಸ್ ತಂತಿ ಆಗುತ್ತದೆ.

ಹೊಸ ಆರ್‌ಸಿಸಿಬಿ ನಿಲ್ಲುವುದೇ ಇಲ್ಲ, ಬೀಳುತ್ತಲೇ ಇರುತ್ತದೆ ಎಂದು ಮೂರೇ ದಿನಕ್ಕೆ ತೆಗೆಸಿಬಿಟ್ಟ ಮನೆಗಳಿವೆ. ತೆಗೆಯಬೇಡಿ, ಅದು ಸುಳ್ಳು ಹೇಳುತ್ತಿಲ್ಲ. ಎಲ್ಲ ಪ್ಲಗ್ ಕಿತ್ತು, ಎಲ್ಲ ಎಂಸಿಬಿ ಇಳಿಸಿ, ಆರ್‌ಸಿಸಿಬಿ ಏರಿಸಿ. ನಿಂತಿತೇ? ಒಂದೊಂದೇ ಎಂಸಿಬಿ ಏರಿಸುತ್ತ ಹೋಗಿ, ಬಿದ್ದ ಸರ್ಕ್ಯೂಟಿನಲ್ಲಿ ದೋಷ ಇದೆ. ಪ್ಲಗ್ ಇಲ್ಲದಾಗ ನಿಂತು, ಒಂದು ಸಾಮಾನು ಹಾಕಿದಾಗ ಬಿದ್ದರೆ ಆ ಸಾಮಾನೇ ಕಾರಣ. ಎಲ್ಲ ಎಂಸಿಬಿ ಇಳಿಸಿದ್ದರೂ ಬೀಳುತ್ತಿದ್ದರೆ ನ್ಯೂಟ್ರಲ್ ಎಲ್ಲೋ ಅರ್ಥಿಂಗ್‌ಗೆ ತಾಗಿದೆ, ಅಥವಾ ಇನ್ವರ್ಟರಿನ ನ್ಯೂಟ್ರಲ್ ಆರ್‌ಸಿಸಿಬಿಯ ಆಚೆ ಈಚೆ ಬೆರೆತಿದೆ. ಹೋದ ಫೇಸ್ ಯಾವ ಆರ್‌ಸಿಸಿಬಿಯಿಂದ ಹೋಯಿತೋ ನ್ಯೂಟ್ರಲ್ ಕೂಡ ಅದರೊಳಗಿಂದಲೇ ಮರಳಬೇಕು. ನಮ್ಮ ಕಡೆ ಇನ್ವರ್ಟರ್ ಕೂಡಿಸುವವರು ಫೇಸ್ ಒಂದನ್ನು ಬೇರೆ ಮಾಡಿ ನ್ಯೂಟ್ರಲ್ ಹಳೆಯದನ್ನೇ ಬಿಡುತ್ತಾರೆ, ಹೆಚ್ಚಿನ ಗೋಳು ಇಲ್ಲಿಂದಲೇ.

ಜಾಯಿಂಟ್: ಹೊಸೆದು ಟೇಪ್ ಸುತ್ತಿದ್ದನ್ನು ಬಿಚ್ಚಿ ಕನೆಕ್ಟರ್ ಹಾಕಿ, ಡಬ್ಬಿಯೊಳಗೆ ಇರಿಸಿ. ಅಲ್ಯೂಮಿನಿಯಂ ಮತ್ತು ತಾಮ್ರವನ್ನು ನೇರ ಹೊಸೆದರೆ ಕೆಲ ಕಾಲಕ್ಕೆ ನಡುವೆ ಕಿಲುಬು ಕಟ್ಟಿ ಕಾಯುತ್ತದೆ, ಅಲ್ಲಿ ಎರಡೂ ಲೋಹಕ್ಕೆ ಹೊಂದುವ ಬೈಮೆಟಲ್ ಲಗ್ ಬೇಕು.

ಅರ್ಥಿಂಗ್: ಎರೆ, ಸವುಳು, ಬಂಡೆ

ಭಾರತೀಯ ಮಾನದಂಡ ಐಎಸ್ 3043ರ ಪ್ರಕಾರ ಜಿಐ ಪೈಪ್ 40 ಮಿಲಿಮೀಟರ್ ವ್ಯಾಸ, 2.5 ಮೀಟರ್ ಉದ್ದ ಇರಬೇಕು, ಗೋಡೆಯಿಂದ 1.5 ಮೀಟರ್ ದೂರ ಇರಬೇಕು. ಅಂಗಡಿಯಲ್ಲಿ ಸಿಗುವ ಮೂರಡಿ ರಾಡು ಹೊಡೆದು 'ಅರ್ಥಿಂಗ್ ಆಯ್ತು' ಎನ್ನುವವರನ್ನು ಈ ಅಳತೆ ಹೇಳಿ ನಿಲ್ಲಿಸಿ. ಆದರೆ ಒಂದೇ ಅಳತೆ ನಮ್ಮ ಮೂರು ಜಿಲ್ಲೆಯ ಮಣ್ಣಿಗೂ ಒಂದೇ ಫಲ ಕೊಡುವುದಿಲ್ಲ.

ಮಾನ್ವಿ, ಸಿಂಧನೂರು ಕಡೆಯ ಎರೆ ಮಣ್ಣು ಹಸಿಯಿದ್ದಾಗ ಅರ್ಥಿಂಗ್‌ಗೆ ಬಲು ಚೆನ್ನ. ಬೇಸಿಗೆಯಲ್ಲಿ ಅದೇ ಮಣ್ಣು ಬಿರಿದು ಪೈಪಿನಿಂದ ದೂರ ಸರಿಯುತ್ತದೆ. ಕೂಲರ್ ಓಡುವ ತಿಂಗಳಲ್ಲೇ ಅರ್ಥಿಂಗ್ ದುರ್ಬಲ. ಆದ್ದರಿಂದ ಎರೆಯಲ್ಲಿ ಅರ್ಥಿಂಗ್ ಅಳೆಯಬೇಕಾದದ್ದು ಏಪ್ರಿಲ್–ಮೇ ತಿಂಗಳಲ್ಲಿ. ಆಗಸ್ಟಿನ ಅಂಕಿ ಸಮಾಧಾನಕ್ಕೆ ಮಾತ್ರ. ಪೈಪಿನ ಸುತ್ತ ತೇವ ಹಿಡಿಯುವ ಅರ್ಥಿಂಗ್ ಪುಡಿ ತುಂಬಿಸಿ, ಬಾಯಿಗೆ ನೀರು ಹಾಕಲು ಕೊಳವೆ ಬಿಟ್ಟು, ಬಚ್ಚಲ ನೀರು ಹೋಗುವ ಕಡೆ ಗುಂಡಿ ಆರಿಸಿಕೊಂಡರೆ ಬೇಸಿಗೆ ದಾಟುತ್ತದೆ.

ತುಂಗಭದ್ರಾ ಕಾಲುವೆಯ ನೀರುಂಡು ಸವುಳಾದ ಭೂಮಿ, ಗಂಗಾವತಿ, ಸಿರುಗುಪ್ಪ, ಸಿಂಧನೂರಿನ ಗದ್ದೆ ಬದಿಯ ಊರುಗಳದು, ಬೇರೆಯೇ ಕತೆ. ಓಮ್ ತೀರ ಕಡಿಮೆ ಬರುತ್ತದೆ, ಆದರೆ ಜಿಐ ಪೈಪು, ಕ್ಲ್ಯಾಂಪು ಬೇಗ ತುಕ್ಕು ತಿಂದು ಉದುರುತ್ತವೆ. ಅಲ್ಲಿ ಮತ್ತೆ ಉಪ್ಪು ಸುರಿಯುವುದು ಬೇಡ. ತಾಮ್ರ ಲೇಪದ ರಾಡ್ ಹಾಕಿ, ವರ್ಷಕ್ಕೊಮ್ಮೆ ಗುಂಡಿಯ ಮುಚ್ಚಳ ತೆಗೆದು ಕ್ಲ್ಯಾಂಪ್ ನೋಡಿ.

ಕೊಪ್ಪಳ ಪಟ್ಟಣ, ಆನೆಗೊಂದಿಯ ಸುತ್ತ ಒಂದು ಮೀಟರ್ ತೋಡುವುದರೊಳಗೆ ಬಂಡೆ ಸಿಗುತ್ತದೆ. ಪೈಪು ಅರ್ಧ ಕತ್ತರಿಸಿ ಹೂಳಿದರೆ ಅದು ಅರ್ಥಿಂಗ್ ಅಲ್ಲ. ಜಾಗ ಇದ್ದರೆ ಉದ್ದ ಕಂದಕ ತೋಡಿ ಜಿಐ ಪಟ್ಟಿ ಅಡ್ಡಲಾಗಿ ಹೂಳಿ, ಇಲ್ಲದಿದ್ದರೆ ಡ್ರಿಲ್ ಮಾಡಿಸಿ ರಾಡ್ ಇಳಿಸಿ ಪುಡಿ ತುಂಬಿಸಿ. ಎರಡು ರಾಡ್ ಕೂಡಿಸುವುದಾದರೆ ಒಂದರ ಉದ್ದದ ಎರಡು ಪಟ್ಟಾದರೂ ಅಂತರ ಬೇಕು. ಬೋರ್‌ವೆಲ್ ಕೇಸಿಂಗ್‌ಗೋ ನಲ್ಲಿ ಪೈಪಿಗೋ ಅರ್ಥಿಂಗ್ ಕಟ್ಟುವುದು ಬೇಡ. ಪೈಪು ಎಲ್ಲಿ ಪ್ಲಾಸ್ಟಿಕ್ ಆಗಿದೆಯೋ ಗೊತ್ತಿರುವುದಿಲ್ಲ, ಮೋಟರ್ ಕೇಬಲ್ ಕೆಟ್ಟರೆ ಕೇಸಿಂಗೇ ಜೀವಂತವಾಗುತ್ತದೆ. ಇಂಥ ಕಡೆ ಓಮ್ ಐದಕ್ಕೆ ಇಳಿಯದೇ ಇರಬಹುದು, ಇಪ್ಪತ್ತು ಮೂವತ್ತಕ್ಕೇ ನಿಲ್ಲಬಹುದು. ಆರ್‌ಸಿಸಿಬಿ ಇದ್ದರೆ ಅಷ್ಟಾದರೂ ಕೆಲಸ ಮಾಡುತ್ತದೆ, ಇಲ್ಲದಿದ್ದರೆ ಆ ಮನೆಗೆ ಪಾಸ್ ಎಂದು ನಾನು ಬರೆಯಲಾರೆ.

ಹಂತ ನಾಲ್ಕು: ಮತ್ತೆ ಅಳೆದು ಬರೆದಿಡುವುದು

ರಿಪೇರಿಯಾದ ಪ್ರತಿ ಸರ್ಕ್ಯೂಟಿಗೆ ಹಂತ ಎರಡರ ಅಳತೆಗಳೆಲ್ಲ ಮತ್ತೊಮ್ಮೆ. ಬಿಚ್ಚಿ ಕೂಡಿಸುವಾಗ ಫೇಸ್–ನ್ಯೂಟ್ರಲ್ ಅದಲು ಬದಲಾಗುವುದು ಸಾಮಾನ್ಯ. ಮೂರನೇ ವರ್ಗದವು, ಅಂದರೆ ಹಳೆ ಮಾದರಿ ಸ್ವಿಚ್ಚು, ಬಣ್ಣದ ಕ್ರಮ ತಪ್ಪಿದ ವೈರು, ಹೆಸರು ಬರೆಯದ ಎಂಸಿಬಿ, ಉಳಿದರೆ ಉಳಿಯಲಿ. ಆದರೆ ಯಾವ ಎಂಸಿಬಿ ಯಾವ ಕೋಣೆಯದು ಎಂದು ಕನ್ನಡದಲ್ಲಿ ಬರೆದು ಅಂಟಿಸುವುದಕ್ಕೆ ಖರ್ಚಿಲ್ಲ, ಅದನ್ನು ಅಂದೇ ಮಾಡಿ.

ಡಿಬಿ ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಒಂದು ಹಾಳೆ ಅಂಟಿಸಿ: ದೋಷ, ಜಾಗ, ವರ್ಗ, ಸರಿಪಡಿಸಿದ ದಿನಾಂಕ, ಅರ್ಥಿಂಗ್ ಓಮ್, ಇನ್ಸುಲೇಷನ್ ಮೆಗಾಓಮ್, ವೈರ್‌ಮನ್‌ನ ಪರ್ಮಿಟ್ ಸಂಖ್ಯೆ. ಬಾಡಿಗೆಗೆ ಕೊಡುವ ಮನೆಯಾದರೆ ಅದರ ಒಂದು ಪ್ರತಿ ಬಾಡಿಗೆದಾರರ ಕೈಯಲ್ಲೂ ಇರಲಿ, ನಾಳೆ ಕೂಲರ್ ಪ್ಲಗ್ ಚುಚ್ಚುವವರು ಅವರೇ. ಆರ್‌ಸಿಸಿಬಿಯ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಬೇಕೆಂದು ಆ ಹಾಳೆಯ ತಲೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆಯಿರಿ. ಒತ್ತಿದಾಗ ಬೀಳದ ಆರ್‌ಸಿಸಿಬಿ ಮತ್ತೆ ಒಂದನೇ ವರ್ಗ, ಅದೇ ದಿನ ಬದಲಾಗಬೇಕು.